ಕಮಲಾಪುರದ ತೊಲೆಗೆ ಬರೆದ ವರದಿಗಳು

೧

ನಮ್ಮ ನಗರದ ಬ್ರಹ್ಮಪುರ ಬಡಾವಣೆಯ ಬಟ್ಟೆ ಅಂಗಡಿ ಸಾಹುಕಾರರು ಕಮಲಾಪುರದ ತಮ್ಮ ಹಳೆಯ, ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆಯ ಮನೆ ಪರೀಕ್ಷಿಸಿ ವರದಿ ಕೊಡಿ ಎಂದರು. ಎಂಬತ್ತರ ದಶಕ. ನಾನು ಕಟ್ಟಡಗಳ ಇಂಜಿನಿಯರ್. ಹೋಗಿ ನೋಡಿದೆ. ನಡುಮನೆಯ ತೊಲೆ ಸೀಳಿತ್ತು. ಅದರ ಕೆಳಗೇ ಅವರ ತಾಯಿಯ ಮಂಚ.

ಮನೆ ಅಪಾಯದಲ್ಲಿದೆ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಅಂಗಡಿಗೆ ಕೊಟ್ಟೆ. ಕೆಲವು ದಿನ ಬಿಟ್ಟು ಕಮಲಾಪುರಕ್ಕೆ ಹೋದೆ. ಮಂಚ ಅಲ್ಲೇ ಇತ್ತು. ಸಾಹುಕಾರರನ್ನು ಕೇಳಿದೆ.

"ವರದಿ ಓದೀರೇನ್ರಿ?"

"ದೇವರ ಜಗಲಿ ಮ್ಯಾಲ ಇಟ್ಟೀನ್ರಿ ಸಾಹೇಬ್ರ. ಇಷ್ಟು ಇಂಗ್ಲಿಷ್ ಬರ್ದೀರಿ ಅಂದ್ರ ಮನಿ ಗಟ್ಟೀನೇ ಇರಬೇಕು."

ವರದಿಗೆ ವಿಭೂತಿ ಹಚ್ಚಿದ್ದರು.

೨

ಕನ್ನಡದಲ್ಲಿ ಬರೆದೆ. ಮಾಳಿಗೆ ಸೋರುತ್ತದೆ, ಮೇಲಿನ ಮಣ್ಣಿನ ಭಾರಕ್ಕೆ ತೊಲೆ ಸೀಳಿದೆ ಎಂದು.

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಹೊಸ ಮಣ್ಣು ಹಾಕುವುದು ರೂಢಿ. ಹಳೆಯದನ್ನು ಯಾರೂ ಇಳಿಸುವುದಿಲ್ಲ. ಸಾಹುಕಾರರು 'ಸೋರುತ್ತದೆ' ಎಂಬಲ್ಲಿಗೇ ಓದು ನಿಲ್ಲಿಸಿದ್ದರು.

"ಚಿಂತಿ ಬಿಡ್ರಿ," ಎಂದರು. "ಮತ್ತೊಂದು ಬಂಡಿ ಮಣ್ಣು ಏರಿಸೀನಿ."

ಸೀಳು ಇನ್ನೂ ಅಗಲವಾಗಿತ್ತು.

೩

ಮೂರನೆಯದು ಒಂದೇ ಸಾಲು. ಮಣ್ಣು ಇಳಿಸುವವರೆಗೆ ನಡುಮನೆಯಲ್ಲಿ ಯಾರೂ ಮಲಗಬಾರದು.

ಅದನ್ನು ಪೂರ್ತಿ ಓದಿದರು. ಮಂಚ ಪಡಸಾಲೆಗೆ ಹೋಯಿತು. ನನಗೆ ಸಮಾಧಾನವಾಯಿತು. ಊಟಕ್ಕೆ ಏಳಿ ಎಂದರು. ಹೋಗಿ ನೋಡಿದರೆ ನಡುಮನೆಯಲ್ಲಿ ತೊಲೆಯ ಕೆಳಗೇ ಗಂಗಾಳ ಇಟ್ಟಿದ್ದರು.

"ಇಲ್ಲಿ ಬ್ಯಾಡಂತ ಬರ್ದಿಲ್ಲೇನ್ರಿ ನಾನು?"

"ಮಲಗಬ್ಯಾಡ್ರಿ ಅಂತ ಬರ್ದೀರಿ. ಊಟದ ಸುದ್ದಿ ಅದರಾಗ ಇಲ್ಲ."

ಗಂಗಾಳ ಎತ್ತಿಕೊಂಡು ಅಂಗಳಕ್ಕೆ ಹೋದೆ. ರೊಟ್ಟಿ ತಿಂದೆ. ಬಿಸಿಲಿತ್ತು.

೪

ಅವರ ತಾಯಿ ಪಡಸಾಲೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಅಲ್ಲಿ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹಳೆಯ ಜಾಗಕ್ಕೇ ಹೋಗುತ್ತೇನೆಂದು ದಿನವೂ ಜಗಳ ತೆಗೆಯುತ್ತಿದ್ದರಂತೆ. ನನ್ನನ್ನು ಕರೆದರು.

"ತಮ್ಮಾ, ನಿನ್ನ ಕಾಗದ ನನಗ ಓದಾಕ ಬರಲ್ಲ. ಬಾಯಿಲೆ ಹೇಳು. ಆ ತೊಲಿ ಕೆಳಗ ನೀ ಮಲಗ್ತಿ?"

"ಇಲ್ಲವ್ವಾ."

"ಉಣ್ಣಾಕ ಕೂಡ್ತಿ?"

"ಇಲ್ಲ."

"ನಿಂದರ್ತಿ?"

"ನಿಂದ್ರಂಗಿಲ್ಲ."

ಮಗನ ಕಡೆ ತಿರುಗಿದರು. "ಕೇಳಿದೇನಪಾ? ಕದಕ್ಕ ಕೀಲಿ ಹಾಕು. ಕೀಲಿಕೈ ನನ್ನ ಸೆರಗಿಗೆ ಕಟ್ಟು."

ನಾನು ಬರೆದ ಯಾವ ವರದಿಯೂ ಇಷ್ಟು ಸ್ಪಷ್ಟವಾಗಿರಲಿಲ್ಲ.

೫

ಮಣ್ಣು ಇಳಿಸುವ ಮೊದಲೇ ಮಳೆ ಹಿಡಿಯಿತು. ತೊಲೆ ಮುರಿದು ನಡುಮನೆಯ ಮಾಳಿಗೆ ಪೂರ್ತಿ ಕುಸಿಯಿತು. ಕದಕ್ಕೆ ಕೀಲಿ ಇತ್ತು. ಒಳಗೆ ಯಾರೂ ಇರಲಿಲ್ಲ.

ಸಾಹುಕಾರರು ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದರು. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ಚಹಾ ಕುಡಿದರು.

"ಸಾಹೇಬ್ರ, ಇನ್ನೊಂದು ವರದಿ ಬೇಕಾಗಿತ್ತು."

"ಏನಂತ?"

"ಇನ್ನ ಅವ್ವ ಅಲ್ಲಿ ಮಲಗಬಹುದಂತ. ಬೀಳೂದೆಲ್ಲಾ ಬಿದ್ದದ. ಮ್ಯಾಲ ಆಕಾಶ ಒಂದೇ ಉಳದದ."

ಬರೆದುಕೊಡಲಿಲ್ಲ. ಅವರ ತಾಯಿ ಪಡಸಾಲೆಯಲ್ಲೇ ಮಲಗಿದರು.