ಪರಾಗ್ವೆಯ ದುಡ್ಡು ಕೇಳಿದ ಗಂಡು

ಪರಾಗ್ವೆ ದೇಶದ ದುಡ್ಡಿಗೆ ಏನೆನ್ನುತ್ತಾರೆಂದು ಗೊತ್ತಿಲ್ಲದ ಹೆಣ್ಣನ್ನು ಕಟ್ಟಿಕೊಳ್ಳುವುದಿಲ್ಲ ಎಂದು ಹಟ ಹಿಡಿದ ಗಂಡಸು ಇಡೀ ಮೈಸೂರಿಗೆ ಒಬ್ಬನೇ ಇದ್ದ. ಅವನು ನನ್ನ ಮೈದುನನೇ ಆಗಬೇಕಿತ್ತೆ!

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಅತ್ತೆ ಕಣ್ಣು ಮುಚ್ಚುವ ಮೊದಲು ನನ್ನ ಕೈ ಹಿಡಿದು, "ಇವ್ನೊಬ್ನನ್ನ ಒಂದು ದಡ ಸೇರಿಸ್ಬುಡು ಕಣಮ್ಮ" ಎಂದಿದ್ದರು. ಸೇರಿಸಬಹುದಿತ್ತು. ಆದರೆ ಈ ಮಹಾರಾಯ ಯಾವಾಗಲೂ ಏಳು ಸಮುದ್ರದಾಚೆ ಇರುತ್ತಿದ್ದನಲ್ಲ! ಕೆಲಸ ನೀರಿನ ಕಚೇರಿಯಲ್ಲಿ ಗುಮಾಸ್ತಿಕೆ, ಬೆಂಗಳೂರು ದಾಟಿದವನಲ್ಲ. ಸಂಜೆಯಾದರೆ ವಾಚನಾಲಯಕ್ಕೆ ಹೋಗಿ ಭೂಪಟದ ಮುಂದೆ ಕೂತುಬಿಡುತ್ತಿದ್ದ. ಪೌಂಡು, ಡಾಲರು ಅವನಿಗೆ ಲೆಕ್ಕಕ್ಕೇ ಇಲ್ಲ. "ಅದು ಯಾರಿಗ್ ಗೊತ್ತಿಲ್ಲ ಬುಡಿ ಅತ್ತಿಗೆ" ಎನ್ನುತ್ತಿದ್ದ. ಅವನ ಪ್ರಾಣವೆಲ್ಲ ಸ್ಪ್ಯಾನಿಷ್ ಮಾತಾಡುವ ದೇಶಗಳ ದುಡ್ಡಿನ ಮೇಲೆ.

ನಾನು ಮುದ್ದೆ ತೊಳಸುತ್ತಿದ್ದರೆ ಅಡುಗೆಮನೆಯ ಬಾಗಿಲಿಗೆ ಒರಗಿ ಶುರುಮಾಡುತ್ತಿದ್ದ. ಗ್ವಾಟೆಮಾಲದವರು ತಮ್ಮ ದುಡ್ಡಿಗೆ ಒಂದು ಹಕ್ಕಿಯ ಹೆಸರಿಟ್ಟಿದ್ದಾರಂತೆ, ಕೆಟ್ಜಾಲ್ ಎಂದು! ಹೊಂಡುರಾಸಿನವರು ಪರದೇಶದವರ ಮೇಲೆ ಕಾದಾಡಿದ ಒಬ್ಬ ನಾಯಕನ ಹೆಸರಿಟ್ಟಿದ್ದಾರಂತೆ. ಕೋಸ್ಟರಿಕದವರದು ಕೊಲೋನ್, ನಮ್ಮ ದೇಶ ಹುಡುಕಲು ಹೊರಟು ದಾರಿ ತಪ್ಪಿದ ನಾವಿಕನ ಹೆಸರಂತೆ. ದಾರಿ ತಪ್ಪಿದವನಿಗೂ ಎಂಥ ಮರ್ಯಾದೆ ನೋಡಿ! "ಹಕ್ಕಿ ಹೆಸರನ್ನ ದುಡ್ಡಿಗೆ ಇಡ್ಬೇಕಾದ್ರೆ ಆ ಜನ ಎಂಥವರಿರ್ಬೇಕು ಅತ್ತಿಗೆ!" ಎನ್ನುವಾಗ ಅವನ ಮುಖ ನೋಡಬೇಕಿತ್ತು. ನಿಜ ಹೇಳುತ್ತೇನೆ, ಒಂದು ವಿದೇಶಿ ನಾಣ್ಯವನ್ನೂ ಮುಟ್ಟಿ ನೋಡದೆ ಅಷ್ಟು ಸಂತೋಷಪಡುತ್ತಿದ್ದ ಅವನನ್ನು ಕಂಡರೆ ನನಗೆ ಹೆಮ್ಮೆ. ಮುದ್ದೆ ಗಂಟಾದರೂ ಕೇಳುತ್ತಿದ್ದೆ.

ನಯಾಪೈಸೆ ಬಂದ ಹೊಸದರಲ್ಲಂತೂ ಅವನನ್ನು ಹಿಡಿಯುವವರೇ ಇಲ್ಲ. ಊರೆಲ್ಲ ಹದಿನಾರಾಣೆ ಹೋಗಿ ರೂಪಾಯಿಗೆ ನೂರು ಪೈಸೆ ಬಂತಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದರೆ, ಇವನು ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪಿನವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಸ್ಪೇನಿನ ಪೆಸೆಟಾದಲ್ಲೂ ನೂರು ಭಾಗವೇ ಇರೋದು, ಹೆದರಬೇಡಿ ಎಂದು ಧೈರ್ಯ ಹೇಳುತ್ತಿದ್ದ! ಅವಳು ನೀರು ಚಿಮುಕಿಸುವುದನ್ನು ನಿಲ್ಲಿಸಿ, "ಅಂಗಾರೆ ಅಲ್ಲೇ ಓಗಿ ಸೊಪ್ಪು ತಕ್ಕಳಿ ಸ್ವಾಮಿ, ಇಲ್ಲಿ ಯಾಪಾರ ಕೆಡಿಸ್ಬ್ಯಾಡಿ" ಎಂದಳು. ಅವತ್ತು ಮನೆಯಲ್ಲಿ ಸೊಪ್ಪಿಲ್ಲದ ಬಸ್ಸಾರು.

ಹೀಗಿದ್ದವನಿಗೆ ಹೆಣ್ಣು ಹುಡುಕುವುದೆಂದರೆ ಸುಮ್ಮನೆಯೇ? ಕಡಕೊಳದಲ್ಲಿ ಒಂದು ಹುಡುಗಿ. ಚೆನ್ನಾಗಿ ಹಾಡಿದಳು, ಕೇಸರಿಭಾತೂ ಚೆನ್ನಾಗಿತ್ತು. "ಏನಾದ್ರೂ ಕೇಳೋದಿದ್ರೆ ಕೇಳಪ್ಪ" ಎಂದರು ಅವಳ ತಂದೆ. ಇವನು ಗಂಟಲು ಸರಿಮಾಡಿಕೊಂಡು, "ಪರಾಗ್ವೆ ದುಡ್ಡಿಗೆ ಏನಂತಾರೆ?" ಎಂದ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. "ಗ್ವಾರನಿ" ಎಂದು ಇವನೇ ಉತ್ತರ ಹೇಳಿದ. ಅವಳ ತಂದೆ ನನ್ನನ್ನು ಪಕ್ಕಕ್ಕೆ ಕರೆದು ಕೈ ಮುಗಿದರು: "ಪರದೇಶದ ದುಡ್ಡಲ್ಲೆಲ್ಲ ವರದಕ್ಷಿಣೆ ಕೊಡಕ್ಕೆ ನಮ್ ಕೈಲಾಗಲ್ಲ ಕಣಮ್ಮ. ಬೇಕಾದ್ರೆ ಒಂದು ಸೈಕಲ್ ಕೊಡ್ತೀವಿ!"

ಈ ಸುದ್ದಿ ನಮಗಿಂತ ಮುಂಚೆ ಮೈಸೂರು ಸೇರಿತು. ಹೆಣ್ಣು ಕೊಡುವವರೆಲ್ಲ ಹಿಂದೆ ಸರಿದರು. ಅತ್ತೆಗೆ ಕೊಟ್ಟ ಮಾತು ನನ್ನ ಎದೆಯಲ್ಲಿ ಕೂತು ಚುಚ್ಚುತ್ತಿತ್ತು. ಕೊನೆಗೆ ಒಂಟಿಕೊಪ್ಪಲಿನಲ್ಲಿ ಒಂದು ಮನೆಯವರು ಬನ್ನಿ ಎಂದರು. ಹುಡುಗಿ ಎತ್ತರ ಜಾಸ್ತಿಯೆಂದು ಬಂದವರೆಲ್ಲ ಬೇಡವೆಂದು ಹೋಗಿದ್ದರು. ಜಟಕಾದಲ್ಲಿ ದಾರಿಯುದ್ದಕ್ಕೂ ಗದರಿಸಿದೆ: "ಅಲ್ಲಿ ಬಾಯಿ ಬಿಟ್ಟೀಯೋ, ನಾನು ಎದ್ದು ಹೋಗ್ತೀನಿ ಕಣೋ. ಇದೇ ಕೊನೆ."

ಪಾಪ, ಉಪ್ಪಿಟ್ಟು ಮುಗಿಯುವವರೆಗೂ ತಡೆದುಕೊಂಡ. ಕಾಫಿ ಬಂದಾಗ ಕಟ್ಟೆ ಒಡೆಯಿತು. "ನಿಕರಾಗುವ ದೇಶದ ದುಡ್ಡಿಗೆ ಏನಂತಾರೆ?"

ನಾನು ಎದ್ದು ನಿಂತೆ. ಹುಡುಗಿ ಅಳಲಿಲ್ಲ. "ಗೊತ್ತಿಲ್ಲ. ಏನಂತಾರೆ?" ಎಂದಳು.

"ಕಾರ್ಡೊಬ."

"ಒಂದು ಕಾರ್ಡೊಬಕ್ಕೆ ಎಷ್ಟು ಬದನೆಕಾಯಿ ಬರ್ತವೆ?"

ಮೈದುನ ಕಾಫಿ ಲೋಟ ಕೆಳಗಿಟ್ಟ. ಜಗತ್ತಿನ ದುಡ್ಡಿನ ಹೆಸರೆಲ್ಲ ಗೊತ್ತಿದ್ದವನಿಗೆ ಆ ದುಡ್ಡಿಗೆ ಏನು ಸಿಗುತ್ತದೆಂದು ಗೊತ್ತಿರಲೇ ಇಲ್ಲ! ಅವಳ ತಂದೆ, "ಒಳಗ್ ನಡಿಯೇ" ಎಂದು ಗದರಿದರು. ನಾವು ಪೆಚ್ಚುಮೋರೆ ಹಾಕಿಕೊಂಡು ಜಟಕಾ ಹತ್ತಿದೆವು.

ಅರ್ಧ ದಾರಿಯಲ್ಲಿ, "ಹುಡುಗಿ ಹಿಡಿಸ್ಲಿಲ್ವೇನೋ?" ಎಂದೆ.

"ಇಷ್ಟು ವರ್ಷ ಎಲ್ರೂ ನಕ್ಕಿದ್ದೇ ಆಯ್ತು. ಇವತ್ತು ಒಬ್ರು ಮುಂದಕ್ಕೇನು ಅಂತ ಕೇಳಿದ್ರು" ಎಂದ. "ಗಾಡಿ ತಿರುಗಿಸಿ ಅತ್ತಿಗೆ. ಅವ್ರಿಗೆ ನಾನು ಒಪ್ಪಿಗೇನಾ ಅಂತ ಕೇಳ್ಬೇಕು."

ಗಂಡಿನ ಕಡೆಯವರು ಹೆಣ್ಣಿನ ಒಪ್ಪಿಗೆ ಕೇಳುವ ಪದ್ಧತಿ ನಮ್ಮಲ್ಲಿ ಎಲ್ಲಿತ್ತು? ಆದರೂ ತಿರುಗಿಸಿದೆ. ಅವಳು ಪಡಸಾಲೆಯಲ್ಲಿ ಲೋಟಗಳನ್ನು ಎತ್ತುತ್ತಿದ್ದಳು. ಇವನು ಹೊಸಿಲಾಚೆಯೇ ನಿಂತು ಕೇಳಿದ.

ಅವಳು ತಂದೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ನನ್ನನ್ನಾ ಕೇಳ್ತಿರೋದು?" ಎಂದಳು.

"ನಿಮ್ಮನ್ನೇ ಕಣ್ರೀ."

ಲೋಟಗಳನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

"ಹೂಂ," ಎಂದಳು.