ಮಂಗಳನ ಮೋಡ, ಮಹದೇವಪುರದ ಬೇಸ್‌ಮೆಂಟು

ಶಾಂತಕುಮಾರಿ: ಈಗ್ಲೇ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಹಾಕ್ರೀ, ತಪ್ಪಾಯ್ತು ಅಂತ.

ನಾನು: ತಪ್ಪೇನು ಬಂತು ಶಾಂತಾ? ಬರೆದಿದ್ದೆಲ್ಲ ನಿಜ. ‘ಧೂಳಿನ ಕಾಲ ಶುರು. ಬೆಳಗಾಗ್ತಾನೇ ಬೆಟ್ಟದ ಮೇಲೆ ಸಾವಿರ ಕಿಲೋಮೀಟರ್‌ಗೂ ಉದ್ದದ ಮೋಡ.’

ಶಾಂತಕುಮಾರಿ: ಯಾವ ಬೆಟ್ಟ ಅಂತ ಬರೆದ್ರಾ?

ನಾನು: ಮಂಗಳಗ್ರಹದ್ದು ಅಂತ ಎರಡನೇ ಮೆಸೇಜಲ್ಲಿ ಹಾಕೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ನೀನು ಸೊಪ್ಪು ಸೋಸೋಕೆ ಕೂರಿಸ್ದೆ.

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು ಜೋರು ಮಳೆಗೆ ಕೆರೆಯಾಗುತ್ತದೆ. ಹೋದ ವರ್ಷ ಎರಡು ಸಲ ಮಳೆ ಬರುತ್ತದೆ ಎಂದೆ, ಬಂತು. ಅಂದಿನಿಂದ ನಾನು ‘ಮಳೆ ಮೇಷ್ಟ್ರು’. ಗ್ರೂಪಿನಲ್ಲಿ ನಾನು ಮೋಡ ಎಂದರೆ ಸಾಕು, ಜನ ಗಾಡಿಗಳನ್ನು ಸರ್ವಿಸ್ ರಸ್ತೆಗೆ ಏರಿಸುತ್ತಾರೆ. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದರೂ ಸಿಗದ ಮರ್ಯಾದೆ ಅದು. ಕಳೆದುಕೊಳ್ಳಲು ಹೆದರಿಕೆ.

ಸೆಕ್ರೆಟರಿ ಅಬ್ರಾರ್ ಬೆವರು ಒರೆಸಿಕೊಳ್ಳುತ್ತ ಬಂದ.

ಅಬ್ರಾರ್: ಸರ್, ಎಲ್ಲಾ ಗಾಡಿ ಮೇಲಕ್ಕೆ ಹಾಕಿಸ್ದೆ. ಬಿಸಿಲು ನೋಡಿದ್ರೆ ತಲೆ ಸುಡ್ತಿದೆ, ಜನ ಬೈತಾವ್ರೆ. ಮೋಡ ಎಲ್ಲಿ ಸರ್?

ನಾನು: ಇದೆ ಕಣಪ್ಪ. ಸ್ವಲ್ಪ ದೂರದಲ್ಲಿ.

ಅಬ್ರಾರ್: ಹೊಸಕೋಟೆ ಕಡೆನಾ?

ನಾನು: ಇನ್ನೂ ಸ್ವಲ್ಪ ಆಚೆ.

ಶಾಂತಕುಮಾರಿ: ಬರುತ್ತಪ್ಪ. ಟಿನ್ ಫ್ಯಾಕ್ಟರಿ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿರ್ಬೇಕು.

ಅಬ್ರಾರ್: ಬಂದ್ರೆ ಎಷ್ಟೊತ್ತು ಸುರಿಯುತ್ತೆ ಸರ್?

ನಾನು: ಆ ಮೋಡ ಸುರಿಯಲ್ಲ. ಮಧ್ಯಾಹ್ನದೊಳಗೆ ಕರಗಿಹೋಗುತ್ತೆ.

ಅಬ್ರಾರ್: ಸುರಿಯಲ್ವಾ! ಮತ್ತೆ ನಾವ್ಯಾಕೆ ಸರ್ ಗಾಡಿ ತೆಗೆದಿದ್ದು?

ಹೆಂಡತಿ ನನ್ನನ್ನೇ ದಿಟ್ಟಿಸಿದಳು. ಇನ್ನು ಹೇಳಿಬಿಡುವುದೇ ಸರಿ.

ನಾನು: ಅಬ್ರಾರ್, ಅದು ಏನಾಯ್ತು ಅಂದ್ರೆ, ಆ ಮೋಡ...

ಗುಡುಗಿತು. ಆಗಿನ ಬಿಸಿಲು ಮಾಯವಾಗಿ ಕಿಟಕಿಯಾಚೆ ಕಪ್ಪಿಟ್ಟಿತ್ತು. ನಾನು ಬಾಯಿ ಮುಚ್ಚುವಷ್ಟರಲ್ಲಿ ಮಳೆ ಧೋ ಎಂದು ಸುರಿಯತೊಡಗಿತು. ಅಬ್ರಾರ್ ಕೆಳಗೋಡಿದ. ಒಂದು ಗಂಟೆಯ ಮೇಲೆ ತೊಯ್ದು ತೊಪ್ಪೆಯಾಗಿ ಬಂದವನು ನನ್ನನ್ನು ಅಪ್ಪಿಕೊಂಡೇಬಿಟ್ಟ. ನಾನೂ ಎದೆ ಉಬ್ಬಿಸಿದೆ, ಸುಳ್ಳೇಕೆ ಹೇಳಲಿ.

ಅಬ್ರಾರ್: ಸುರಿಯಲ್ಲ ಅಂತ ತಮಾಷೆ ಮಾಡಿದ್ರಾ ಸರ್? ಬೇಸ್‌ಮೆಂಟಲ್ಲಿ ಎದೆಮಟ್ಟ ನೀರು! ಎಲ್ಲರ ಗಾಡೀನೂ ಉಳೀತು. ಒಂದೇ ಒಂದು ಸ್ಕೂಟರ್ ಬಿಟ್ಟು.

ನಾನು: ಯಾವ್ದು?

ಅಬ್ರಾರ್: ಕನ್ನಡಿ ಮಾತ್ರ ಕಾಣ್ತಿದೆ ಸರ್. ಯಾರೋ ನಿಮ್ಮ ಮಾತು ನಂಬ್ದೇ ಇರೋ ದಡ್ಡ.

ಬಾಗಿಲ ಹಿಂದೆ ನೇತುಹಾಕಿದ್ದ ಸ್ಕೂಟರ್ ಕೀಲಿಯನ್ನು ತೆಗೆದು ಶಾಂತಕುಮಾರಿ ನನ್ನ ಕೈಗಿಟ್ಟಳು.

ಶಾಂತಕುಮಾರಿ: ದಡ್ಡ ಅನ್ಬೇಡಪ್ಪ. ಇಡೀ ಬಿಲ್ಡಿಂಗಲ್ಲಿ ವಿಷಯ ಸರಿಯಾಗಿ ಗೊತ್ತಿದ್ದಿದ್ದು ಅವ್ರೊಬ್ಬರಿಗೇ.