ನಮ್ಮ ಬುತ್ತಿ, ರೈಲಿನ ಕಟ್ಲೆಟ್

ನಮ್ಮ ಕಡೆಯವರು ರೈಲು ಹತ್ತಿದರೆ ಏನಾದರೊಂದು ಆಗಿಯೇ ಆಗುತ್ತದೆ. ಆಗುವುದೆಲ್ಲ ಊಟದ ಚೀಲದಿಂದಲೇ.

ಕಳಸದಿಂದ ಕಡೂರಿಗೆ ಬಸ್ಸು, ಅಲ್ಲಿಂದ ಪುಣೆಗೆ ರೈಲು. ನಾದಿನಿ ಮನೆಗೆ ವರ್ಷಕ್ಕೊಮ್ಮೆ ಮಾವನವರ ಜೊತೆ ಹೀಗೆ ಹತ್ತು ವರ್ಷ ಹೋಗಿದ್ದೇನೆ. ಹೊರಡುವ ಹಿಂದಿನ ದಿನವೆಲ್ಲ ಒಲೆಯ ಮುಂದೆ ಚಪಾತಿ, ಪುಳಿಯೋಗರೆ, ಕೋಡುಬಳೆ. ರೈಲು ಹತ್ತುವ ಹೊತ್ತಿಗೆ ಆ ಚೀಲ ನೋಡಿದರೇ ನನಗೆ ಸಾಕಾಗಿರುತ್ತಿತ್ತು. ಇದ್ದದ್ದು ಒಂದೇ ಆಸೆ. ಬೇರೆ ಯಾರೋ ಕರಿದ ಬಿಸಿ ಕಟ್ಲೆಟ್ ಒಂದನ್ನು ಕಿಟಕಿ ಪಕ್ಕ ಕೂತು ತಿನ್ನಬೇಕು. ಕಟ್ಲೆಟ್ಟಿನವನು ಬಂದಾಗಲೆಲ್ಲ ಮಾವನವರು, "ನಮ್ದೇ ಇದ್ಯಲ್ಲ" ಎಂದು ಅವನನ್ನು ಮುಂದೆ ಕಳಿಸುತ್ತಿದ್ದರು.

ಫ್ಲಾಸ್ಕು

ಮಾವನವರದು ನಾಲ್ಕು ಎಕರೆ ಕಾಫಿ ತೋಟ. ಬೇರೆಯವರ ಕಾಫಿಗೆ ಅವರು ಕಷಾಯ ಎನ್ನುತ್ತಾರೆ. ಹಾಗಾಗಿ ಮನೆಯ ಕಾಫಿ ಫ್ಲಾಸ್ಕಿನಲ್ಲಿ ಬರಲೇಬೇಕು. ಒಂದು ಸಲ ಹುಬ್ಬಳ್ಳಿ ಬರುವಷ್ಟರಲ್ಲಿ ಹಾಲು ಒಡೆದುಹೋಗಿತ್ತು. ಅವರಿಗೆ ಜೋಂಪು ಹತ್ತಿದ್ದಾಗ ಅದನ್ನು ಚೆಲ್ಲಿ, ರೈಲಿನಲ್ಲಿ ಮಾರುವವನ ಕಾಫಿ ತುಂಬಿಸಿಟ್ಟೆ.

ಎದ್ದು ಕುಡಿದರು. ಎದುರಿನವರಿಗೂ ಕೊಟ್ಟು, "ಇದು ನೋಡಿ ಕಾಫಿ ಅಂದ್ರೆ. ನಮ್ಮ ತೋಟದ್ದೇ, ಅರೇಬಿಕಾ" ಎಂದು ಹಣ್ಣು ಕುಯ್ಯುವುದರಿಂದ ಹಿಡಿದು ಕಣದಲ್ಲಿ ಒಣಗಿಸುವವರೆಗೆ ಪಾಠ ಮಾಡಿದರು. ಅಷ್ಟರಲ್ಲಿ ಮಾರುವವನು ಮತ್ತೆ ಬಂದು, ಫ್ಲಾಸ್ಕಿಗೆ ಇನ್ನಷ್ಟು ತುಂಬಿಸಲೇ ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದ. ಪುಣ್ಯಕ್ಕೆ ಮಾವನವರಿಗೆ ಹಿಂದಿ ಬಾರದು.

"ಏನಂತೆ ಅವ್ನದ್ದು?"

"ನಿಮ್ಮ ಕಾಫಿ ಪರಿಮಳ ಬಾಗಿಲವರೆಗೂ ಬಂತಂತೆ."

"ಪಾಪ, ಅವ್ನಿಗೂ ಒಂದ್ಲೋಟ ಕೊಡು" ಎಂದರು. ಕೊಟ್ಟೆ.

ಹಲಸಿನ ಹಣ್ಣು

ಇನ್ನೊಂದು ಬೇಸಿಗೆಯಲ್ಲಿ ಮಾವನವರು ಮಗಳಿಗೆಂದು ಗೋಣಿಯಲ್ಲಿ ಇಡೀ ಹಲಸು ತಂದರು. ಸೆಕೆಗೆ ಅದು ದಾರಿಯಲ್ಲೇ ಹಣ್ಣಾಗಿ, ಬೋಗಿಯೆಲ್ಲ ಘಮಘಮ. ಜನ ಗೊಣಗತೊಡಗಿದಾಗ, ಹಂಚಿದರೆ ಬಾಯಿ ಮುಚ್ಚುತ್ತಾರೆಂದು ಅಲ್ಲೇ ಕುಯ್ದರು. ಜಗತ್ತನ್ನೆಲ್ಲ ಕಟ್ಟಿಕೊಂಡು ಬಂದಿದ್ದ ನಾನು ಕೈಯ ಮೇಣ ಬಿಡಿಸುವ ಕೊಬ್ಬರಿ ಎಣ್ಣೆಯನ್ನೇ ಮರೆತಿದ್ದೆ. ಟಿಕೆಟ್ ನೋಡಲು ಬಂದ ಟಿ.ಸಿ.ಯವರೂ ಸಂಕೋಚಪಡದೆ ತಾವೇ ನಾಲ್ಕು ತೊಳೆ ಬಿಡಿಸಿಕೊಂಡು ತಿಂದರು. ಆಮೇಲೆ ನಮ್ಮ ಟಿಕೆಟ್ಟಿಗೆ ಕೈ ಹಾಕಿದರು.

ಅವರು ಟಿಕೆಟ್ ಬಿಟ್ಟರೂ ಟಿಕೆಟ್ ಅವರನ್ನು ಬಿಡಲಿಲ್ಲ.

ಒಬ್ಬಳೇ ಹೋದದ್ದು

ಮಾವನವರಿಗೆ ಮಂಡಿನೋವು ಜೋರಾದ ವರ್ಷ ನಾನೊಬ್ಬಳೇ ಹೊರಟೆ. ಒಲೆ ಹಚ್ಚಲಿಲ್ಲ. ಒಂದು ಬಾಟಲಿ ನೀರು, ಅಷ್ಟೇ. ಅಷ್ಟು ಹಗುರಾಗಿ ನಾನು ಎಂದೂ ರೈಲು ಹತ್ತಿರಲಿಲ್ಲ. ಕಡೂರು ದಾಟಿದ್ದೇ ತಡ, ಹಬೆಯಾಡುವ ಎರಡು ಕಟ್ಲೆಟ್ ಕೈಗೆ ಬಂತು.

ಎದುರಿಗೆ ಆಲ್ದೂರಿನ ಗಂಡ ಹೆಂಡತಿ, ಜೊತೆಗೆ ನಾಲ್ಕು ಜನ ನೆಂಟರು. "ಕಳಸದವ್ರಾ?" ಎಂದು ಹೆಂಡತಿ ಮಾತು ತೆಗೆದರು. "ಅಯ್ಯೋ ಅಕ್ಕ, ನಾವಿದ್ದೂ ನೀವು ಹೊರಗಿಂದು ತಿನ್ನೋದಾ?" ಎನ್ನುತ್ತಾ ನನ್ನ ಕೈಯಿಂದ ತಟ್ಟೆ ತೆಗೆದು ಗಂಡನಿಗೆ ಕೊಟ್ಟರು. "ಇದನ್ನ ಎಸ್ದು ಬನ್ನಿ."

ಗಂಡ ತಟ್ಟೆ ಹಿಡಿದು ಬಾಗಿಲ ಕಡೆ ಹೋದರು.

ಅವರ ಚೀಲ ಬಿಚ್ಚಿಕೊಂಡಿತು. ಚಪಾತಿ, ಪುಳಿಯೋಗರೆ, ಕೋಡುಬಳೆ. ನನಗೆ ಅಳುವೇ ಬಂತು. "ನಂಗೆ ರೈಲಲ್ಲಿ ಬಗ್ಗಿದ್ರೆ ತಲೆ ಸುತ್ತುತ್ತೆ ಅಕ್ಕ. ಎಲ್ರಿಗೂ ನೀವೇ ಬಡಿಸ್ಬಿಡಿ" ಎಂದರು ಹೆಂಡತಿ. ಅಲುಗಾಡುವ ರೈಲಿನಲ್ಲಿ ಗುರುತಿಲ್ಲದ ಐದು ಜನರಿಗೆ ಬಡಿಸಿದೆ.

ಗಂಡ ಬಂದದ್ದು ಕಾಲು ಗಂಟೆಯ ಮೇಲೆ. ಹೆಂಡತಿ ಎಲೆ ಚಾಚಿದರೆ, "ಹಸಿವಿಲ್ಲ ಮಾರಾಯ್ತಿ" ಎಂದರು. ಸ್ವಲ್ಪವಾದರೂ ಹಾಕೋಣವೆಂದು ಪುಳಿಯೋಗರೆ ಹಿಡಿದು ಹತ್ತಿರ ಬಗ್ಗಿದೆ. ಮೀಸೆಯಲ್ಲಿ ಕಟ್ಲೆಟ್ಟಿನ ಪುಡಿ.

"ಬೇಜಾರ್ ಮಾಡ್ಕೋಬೇಡಿ ಅಕ್ಕ" ಎಂದರು, ನನಗೆ ಮಾತ್ರ ಕೇಳುವಂತೆ. "ಮದ್ವೆಯಾಗಿ ಹದಿನೆಂಟು ವರ್ಷ. ಇವತ್ತೇ ಸಿಕ್ಕಿದ್ದು."